ಸೀರೆ ಚೂರು ಬಿಚ್ಚಿದ ರಾಗಿ ಹೊಲ

ತಮಿಳುನಾಡಿನ ಮಾರಂಡಹಳ್ಳಿ ಪಕ್ಕದ ಒಂದು ಊರಿನಲ್ಲಿ ಬಿತ್ತನೆ ರಾಗಿ ಬೇಕೆಂದರೆ ಎಲ್ಲರೂ ನಾರಾಯಣಮ್ಮನ ಮನೆಗೇ ಹೋಗುತ್ತಿದ್ದರು. ಆಕೆಯ ರಾಗಿ ಮಳೆ ಕೈಕೊಟ್ಟರೂ ತಡೆಯುತ್ತಿತ್ತು, ಗಾಳಿ ಬೀಸಿದರೂ ಮಲಗುತ್ತಿರಲಿಲ್ಲ. ಅದೇನು ಸುಮ್ಮನೆ ಬಂದ ಗುಣವಲ್ಲ. ಕೊಯ್ಲಿಗೆ ಹತ್ತು ದಿನ ಮೊದಲು ಆಕೆ ಹೊಲವೆಲ್ಲ ನಡೆದು, ನೆಟ್ಟಗೆ ನಿಂತ ಒಳ್ಳೆಯ ಪೈರು ನೋಡಿ, ಒಂದೊಂದಕ್ಕೂ ಹಳೆ ಕೆಂಪು ಸೀರೆಯ ಚೂರು ಕಟ್ಟುತ್ತಿದ್ದಳು. ಚೂರು ಕಟ್ಟಿದ್ದನ್ನು ಮೊದಲು ಕೊಯ್ದು ಬಿತ್ತನೆಗೆ ಇಡುವುದು, ಉಳಿದದ್ದು ಊಟಕ್ಕೆ. ಹೊಲಕ್ಕೆ ಕುರಿ ಗೊಬ್ಬರ ಬಿಟ್ಟರೆ ಬೇರೆ ಏನೂ ಹಾಕುತ್ತಿರಲಿಲ್ಲ. ಇಪ್ಪತ್ತು ವರ್ಷ ಹೀಗೇ ನಡೆದಿತ್ತು.

ತೊಂಬತ್ತೈದನೇ ಇಸವಿಯ ಕೊಯ್ಲಿನ ಹೊತ್ತಿಗೆ ಹಿಂದಿನ ವರ್ಷದ ಬಿತ್ತನೆಯೆಲ್ಲ ಹಂಚಿ ಮುಗಿದಿತ್ತು. ಮುಂದಿನ ಬಿತ್ತನೆಗೆ ಹೊಲದಲ್ಲಿ ಚೂರು ಕಟ್ಟಿಸಿಕೊಂಡು ನಿಂತಿದ್ದೇ ಗತಿ. ಆಗಲೇ ಆಕೆಯ ಗಂಡ ಮಾದಪ್ಪ ಸಂತೆಯಿಂದ ಮುಖ ಸಣ್ಣಗೆ ಮಾಡಿಕೊಂಡು ಬಂದ.

"ಅಮ್ಮೀ, ದಿಲ್ಲೀಲಿ ಹೊಸ ಸಟ್ಟಂ ಬತ್ತೈತಂತೆ, ಸರ್ಕಾರದ ಕಾನೂನು. ಮನೇಲಿ ಬಿತ್ತನೆ ಮಡಗಿದ್ರೆ ಕೇಸಂತೆ. ಕಂಪನಿ ಬೀಜಾನೇ ತರಬೇಕಂತೆ."

"ಯಾರು ಯೇಳಿದ್ದು?"

"ಸಂತೇಲಿ ಎಲ್ರೂ ಅದೇ ಮಾತು."

ಎಲ್ಲರೂ ಎಂದರೆ ಟೀ ಅಂಗಡಿ ಬೆಂಚಿನ ಮೇಲೆ ಕೂತಿದ್ದ ಮೂರು ಜನ. ಆದರೆ ಭಯಕ್ಕೆ ತಲೆ ಎಣಿಸುವ ತಾಳ್ಮೆ ಎಲ್ಲಿರುತ್ತದೆ? ನಾರಾಯಣಮ್ಮನಿಗೆ ಊಟ ಸೇರಲಿಲ್ಲ. ಮಾರನೆಯ ದಿನ ರಸ್ತೆಯಲ್ಲಿ ಯಾವುದೋ ಜೀಪು ಹೋಯಿತು. ಕೆಂಪು ಚೂರುಗಳು ದೂರಕ್ಕೇ ಕಾಣುತ್ತವಲ್ಲ ಎಂದು ಆಕೆ ಹೆದರಿದಳು. ಹೊಲಕ್ಕೆ ಓಡಿ ಒಂದೂ ಬಿಡದೆ ಬಿಚ್ಚಿ ತಂದು ಒಲೆಗೆ ಹಾಕಿದಳು. ಜೀಪು ಕೆರೆ ಅಳೆಯುವವರದ್ದು ಎಂದು ಆಮೇಲೆ ಗೊತ್ತಾಯಿತು. ಆದರೂ ಭಯ ಬಿಡಲಿಲ್ಲ.

ಮೂರನೆಯ ದಿನ ಬೆಳಗ್ಗೆ ಕೊಯ್ಲು ಶುರುವಾಯಿತು. ಐದು ಜನ ಆಳು ಒಂದು ಕಡೆಯಿಂದ ಎಲ್ಲವನ್ನೂ ಕೊಯ್ಯುತ್ತಾ ಬಂದರು. ಮಧ್ಯಾಹ್ನದ ಹೊತ್ತಿಗೆ ಪಕ್ಕದ ಮನೆಯ ಸಂಗೀತಾ ಬಂದಳು. ಹೆಂಗಸರ ಸಂಘದ ಲೆಕ್ಕ, ಕಾಗದ ಎಲ್ಲ ನೋಡಿಕೊಳ್ಳುವವಳು ಅವಳೇ. ಧರ್ಮಪುರಿಯಲ್ಲಿ ಬೀಜದ ಮೇಲೆ ನಡೆದ ಎರಡು ದಿನದ ತರಬೇತಿ ಮುಗಿಸಿ ಆಗ ತಾನೇ ಬಸ್ಸಿಳಿದಿದ್ದಳು.

"ದೊಡ್ಡಮ್ಮ, ಸೀರೆ ಚೂರೆಲ್ಲಿ? ಬಿತ್ತನೆ ತೆನೆ ಕೊಯ್ದಾಯ್ತಾ?"

ನಾರಾಯಣಮ್ಮ ಅತ್ತಿತ್ತ ನೋಡಿ ಪಿಸುಗುಟ್ಟಿದಳು. "ಮೆಲ್ಲಗೆ ಮಾತಾಡು ಮಗಾ. ಬಿತ್ತನೆ ಮಡಗಿದ್ರೆ ಪೋಲೀಸ್ ಬತ್ತಾರಂತೆ. ಎಲ್ಲಾ ಬಿಚ್ಚಿಬಿಟ್ಟೆ."

"ಅಯ್ಯೋ ದೊಡ್ಡಮ್ಮ! ಅಂಗೇನೂ ಇಲ್ಲ. ಈಗಿರೋ ಬೀಜದ ಸಟ್ಟಂ ನಮ್ಮ ಮನೆ ಬಿತ್ತನೆನ ತಡೆಯಾಕಿಲ್ಲ. ನಾವು ಬೆಳೆದಿದ್ದು ನಾವು ಮಡಗಬೌದು, ಬಿತ್ತಬೌದು, ಮನೆಗೆ ಬಂದೋರಿಗೆ ಬಿತ್ತಾಕೆ ಕೊಡಬೌದು."

ಮಾದಪ್ಪ ಕುಡುಗೋಲು ಹಿಡಿದೇ ಬಂದ. "ಅಂಗಾದ್ರೆ ಹೊಸದು ಬತ್ತೈತೆ ಅನ್ನೋದು ಸುಳ್ಳಾ?"

"ಸುಳ್ಳಲ್ಲ ದೊಡ್ಡಪ್ಪ. ಹೊಸ ಸಟ್ಟಂ ಬರೀಬೇಕು ಅಂತ ಮಾತು ನಡೀತಾ ಐತೆ. ಇನ್ನೂ ಆಗಿಲ್ಲ. ಅದ್ರಲ್ಲಿ ಏನ್ ಬರೀತಾರೋ ಅಂತ ನಂಗೂ ಭಯ ಐತೆ. ಅದಕ್ಕೇ ಈಗ್ಲೇ ಕೇಳಬೇಕು. ಬಿತ್ತನೆ ಮಡಗೋ ಹಕ್ಕು ರೈತಂದು ಅಂತ ಬರೀರಿ, ಔಷಧಿ ಹೊಡೀದೆ ತಳಿ ಆರಿಸೋ ದೊಡ್ಡಮ್ಮನಂತೋರಿಗೆ ಸಹಾಯ ಕೊಡಿ ಅಂತ ಸಂಘದಿಂದ ಸರ್ಕಾರಕ್ಕೆ ಅರ್ಜಿ ಬರೆದು, ಎಲ್ರ ಸಹಿ ಹಾಕ್ಸಿ ಮನು ಕೊಡ್ತಾ ಇದ್ದೀವಿ."

"ನಮ್ಮ ಮಾತು ದಿಲ್ಲೀಲಿ ಯಾರ್ ಕೇಳ್ತಾರೆ?"

"ಬಾಯೇ ಬಿಡದೆ ಇದ್ರೆ ಖಂಡಿತ ಕೇಳಾಕಿಲ್ಲ ದೊಡ್ಡಪ್ಪ. ಇಲ್ಲಿ ಬಿತ್ತನೆ ಓಗಿಬಿಟ್ರೆ ದಿಲ್ಲೀಲಿ ಹಕ್ಕು ಬರೆದು ಏನ್ ಪ್ರಯೋಜನ?"

ಅಷ್ಟರಲ್ಲಿ ನಾರಾಯಣಮ್ಮ ಆಳುಗಳ ಕಡೆಗೆ ಓಡಿದ್ದಳು. "ನಿಲ್ಸಿ! ಕುಡುಗೋಲು ಕೆಳಗೆ ಮಡಗಿ!" ಎಂದು ಕೂಗಿದಳು. ಆಳುಗಳು ಬೆಚ್ಚಿ ನಿಂತರು. ಹೊಲದಲ್ಲಿ ಕಾಲು ಭಾಗ ಮಾತ್ರ ಉಳಿದಿತ್ತು.

"ಕೊಯ್ದಿರೋದ್ರಲ್ಲಿ ದಪ್ಪ ತೆನೆ ಆರಿಸಿದ್ರಾಯ್ತಲ್ಲ," ಎಂದ ಮಾದಪ್ಪ.

"ದಪ್ಪ ಇದ್ರೆ ಸಾಕಾ? ಗಿಡ ಎಂಗೆ ನಿಂತಿತ್ತು, ಯಾವುದು ಮಲಗಿತ್ತು, ಬಿಸ್ಲಲ್ಲಿ ಯಾವುದು ಬಾಡಿತ್ತು, ಕೊಯ್ದ ಕಟ್ಟು ನೋಡಿದ್ರೆ ಗೊತ್ತಾಯ್ತದಾ?" ಆಕೆ ಒಂದು ತೆನೆ ಎತ್ತಿ ನೋಡಿ ಕೆಳಗಿಟ್ಟಳು. "ಇಪ್ಪತ್ತು ವರ್ಸ ಆರಿಸಿದ್ದು. ನನ್ನ ಕೈಯಾರೆ ಕಳಕೊಂಡ್ನಲ್ಲ."

ಸಂಗೀತಾ ಆಕೆಯ ಕೈ ಹಿಡಿದು ನಿಂತ ಪೈರಿನ ಕಡೆಗೆ ನಡೆಸಿದಳು. ಸಂಜೆಯವರೆಗೆ ಇಬ್ಬರೂ ಒಂದೊಂದೇ ಗಿಡ ನೋಡಿ ಆರಿಸಿದರು. ಎರಡು ಮೊರದಷ್ಟು ತೆನೆ ಸಿಕ್ಕಿತು. ಮಾದಪ್ಪ ಅಂದೇ ಮನುವಿಗೆ ಸಹಿ ಹಾಕಿದ. ಸಂತೆಯ ಮಾತು ನಂಬಿ ಬಂದದ್ದಕ್ಕೆ ಅವನಿಗೆ ನಾಚಿಕೆಯಾಗಿತ್ತು, ಹೆಂಡತಿಯ ಮುಖ ನೋಡಲು ಆಗಲಿಲ್ಲ.

ಮುಂದಿನ ಬಿತ್ತನೆ ಕಾಲಕ್ಕೆ ಹದಿನೈದು ಮನೆಯವರು ಬಂದರು. ನಾರಾಯಣಮ್ಮ ತನ್ನ ಹೊಲಕ್ಕೆ ತೆಗೆದಿಟ್ಟು ಆರು ಮನೆಗೆ ಒಂದೊಂದು ಪಡಿ ಅಳೆದಳು. ಏಳನೆಯವಳು ಚೀಲ ಬಿಡಿಸುವಷ್ಟರಲ್ಲಿ ಮಡಕೆಯ ತಳ ಕಂಡಿತು. ಆಕೆ ಮಡಕೆ ಬೋರಲು ಹಾಕಿ ಉಳಿದವರಿಗೆ ತೋರಿಸಿದಳು.

ಅಕ್ಕಂದಿರೇ, ಅಣ್ಣಂದಿರೇ, ಯಾವ ಆಫೀಸರೂ ಆ ಹೊಲಕ್ಕೆ ಬರಲಿಲ್ಲ. ಯಾವ ಕೇಸೂ ಆಗಲಿಲ್ಲ. ಆದರೂ ಒಂಬತ್ತು ಮನೆಯವರು ಬರಿಗೈಲಿ ಹಿಂದಿರುಗಿದರು. ನಿಮ್ಮ ಊರಿಗೂ ಇಂಥ ಸುದ್ದಿ ಬಂದರೆ, ಅದನ್ನು ನಂಬುವ ಮೊದಲು ನಿಮ್ಮ ಸಂಘದಲ್ಲಿ, ಕೃಷಿ ಕಚೇರಿಯಲ್ಲಿ ಕೇಳಿ ತಿಳಿದುಕೊಳ್ಳಿ. ಬಿತ್ತನೆಯ ಹಕ್ಕಿಗಾಗಿ ಮನು ಬಂದರೆ ಓದಿಸಿ ಕೇಳಿ ಸಹಿ ಹಾಕಿ. ಈಗ ನಿಮ್ಮ ಹೊಲದಲ್ಲೂ ಪೈರು ನಿಂತಿದೆ. ಆಳು ಬರುವ ಮೊದಲು ನೀವು ಸೀರೆ ಚೂರು ಹಿಡಿದು ಒಮ್ಮೆ ಒಳಗೆ ನಡೆದು ಬನ್ನಿ.