ಮರ್ಕ್ಯುರಿಯ ಎಡಗಡೆಯ ದೀಪ

"ಬರ್ಲಿ, ಬರ್ಲಿ, ಇನ್ನೂ ಬರ್ಲಿ" ಎಂದು ಗಿರಿಯಪ್ಪನವರು ಕೈ ಬೀಸುತ್ತಿದ್ದಾಗಲೇ ಅವರ ಜೇಬಿನಲ್ಲಿದ್ದ ಫೋನು ಹೊಡೆದುಕೊಂಡಿತು. ಅದನ್ನು ತೆಗೆದು ಯಾರೆಂದು ನೋಡುವಷ್ಟರಲ್ಲಿ ಕಾರು ಬಂದೇ ಬಿಟ್ಟಿತು. ಕತಾರಿನ ಅಲ್ ಅಜೀಜಿಯಾದಲ್ಲಿದ್ದ ಅವರ ಬಿಲ್ಡಿಂಗಿನ ಹಿಂದೆ ಇದ್ದ ಕಬ್ಬಿಣದ ಕಂಬಕ್ಕೆ ಗುದ್ದಿ, ಹಿಂಬದಿಯ ಎಡ ದೀಪ ಪುಡಿಪುಡಿಯಾಗಿ ನೆಲಕ್ಕೆ ಉದುರಿತು.

ಸ್ಟೇರಿಂಗ್ ಹಿಡಿದಿದ್ದ ಲೀಲಾಕ್ಷಿ ಇಳಿದು ಬಂದರು. ಕೆಂಪು ಚೂರುಗಳನ್ನು ನೋಡಿದರು, ಗಂಡನ ಮುಖ ನೋಡಿದರು.

"ಇನ್ನೂ ಬರ್ಲಾ?" ಎಂದರು.

ಗಿರಿಯಪ್ಪನವರು ಫೋನನ್ನು ಮೆಲ್ಲಗೆ ಜೇಬಿಗೆ ಇಳಿಸಿದರು. ಅವರಿಗೆ ಡ್ರೈವಿಂಗ್ ಲೈಸೆನ್ಸ್ ಇಲ್ಲ. ಕತಾರಿಗೆ ಬಂದ ಹೊಸದರಲ್ಲಿ ಆರು ಸಲ ಟೆಸ್ಟ್ ಕೊಟ್ಟು ಆರು ಸಲವೂ ಫೇಲಾಗಿದ್ದರು. ಕಾರುಗಳ ಸೀಟು ಹೊಲಿಯುವುದರಲ್ಲಿ ಮಾತ್ರ ಅವರಷ್ಟು ಪಳಗಿದ ಕೈ ಸುತ್ತಮುತ್ತ ಇರಲಿಲ್ಲ. ಹಲ್ಲಿನ ಕ್ಲಿನಿಕ್ಕಿನಲ್ಲಿ ರಿಸೆಪ್ಷನಿಸ್ಟ್ ಆಗಿದ್ದ ಲೀಲಾಕ್ಷಿ ಮೊದಲ ಟೆಸ್ಟಿನಲ್ಲೇ ಪಾಸಾಗಿದ್ದರು. ಹಾಗಾಗಿ ಕಾರು ಲೀಲಾಕ್ಷಿಯವರದು. ಕಾಗದಪತ್ರದಲ್ಲೂ ಅವರ ಹೆಸರೇ.

ಕಾರೆಂದರೆ 2005ರ ಮರ್ಕ್ಯುರಿ ಗ್ರ್ಯಾಂಡ್ ಮಾರ್ಕ್ವಿಸ್. ಬಿಳಿ ಬಣ್ಣ. ಮುಂದೆ ಮೂವರು ಒತ್ತಾಗಿ ಕೂರಬಹುದಾದ ಸೋಫಾದಂಥ ಉದ್ದನೆಯ ಸೀಟು. ಕ್ಲಿನಿಕ್ಕಿನ ಈಜಿಪ್ಟಿನ ಡಾಕ್ಟರೊಬ್ಬರು 2011ರಲ್ಲಿ ಊರಿಗೆ ಮರಳುವಾಗ ಲೀಲಾಕ್ಷಿಗೆ ಮಾರಿ ಹೋಗಿದ್ದರು. ಅದೇ ವರ್ಷ ಮರ್ಕ್ಯುರಿ ಎಂಬ ಹೆಸರಿನ ಕಾರು ತಯಾರಾಗುವುದೇ ನಿಂತಿತು ಎನ್ನುವುದು ಅವರಿಗೆ ಎಷ್ಟೋ ಕಾಲದ ಮೇಲೆ ತಿಳಿಯಿತು. ತಿಳಿದಾಗಲೂ ಏನೂ ಅನ್ನಿಸಿರಲಿಲ್ಲ. ಕಾರು ಓಡುತ್ತಿತ್ತು. ಆಗ ಒಂಬತ್ತು ವರ್ಷದವಳಾಗಿದ್ದ ಮಗಳು ಅಮಿತಾ ಅದರ ಹಿಂದಿನ ಸೀಟಿನಲ್ಲಿ ಉದ್ದಕ್ಕೆ ಮಲಗಿ ನಿದ್ದೆ ಮಾಡುತ್ತ ಬೆಳೆದಳು. ತುಳುವರ ಆಟಿ ತಿಂಗಳ ಕೂಟಕ್ಕೆ ಇನ್ನೂರು ಜನರ ಅಡುಗೆ ಪಾತ್ರೆಗಳೆಲ್ಲ ಅದರ ಡಿಕ್ಕಿಯಲ್ಲೇ ಹೋಗುತ್ತಿದ್ದವು.

ಈಗ ಅಮಿತಾಳಿಗೆ ಇಪ್ಪತ್ತಮೂರು, ಕೆಲಸಕ್ಕೆ ಹೋಗುತ್ತಾಳೆ. ಒಡೆದ ದೀಪ ನೋಡಿ ಅವಳು, "ಅಮ್ಮ, ಪ್ಲೀಸ್, ಸೆಲ್ ಮಾಡಿ ಬಿಡಿ. ಇದು ಕಾರ್ ಅಲ್ಲ, ಶಿಪ್. ನನ್ನ ಫ್ರೆಂಡ್ಸ್ ಎಲ್ಲ ನಗ್ತಾರೆ" ಎಂದಳು.

"ನಗ್ಲಿ ಮಾರಾಯ್ತಿ. ಬೀಚಿಗೆ ಹೋಗುವಾಗ ಆರು ಮಂದಿಯೂ ಇದರಲ್ಲೇ ಅಲ್ವಾ ಹತ್ತಿದ್ದು?" ಎಂದರು ಲೀಲಾಕ್ಷಿ.

ಆದರೆ ರಿಜಿಸ್ಟ್ರೇಷನ್ ಮುಗಿಯಲು ಇದ್ದುದು ಹದಿಮೂರೇ ದಿನ. ಅದಕ್ಕೆ ಮೊದಲು ಗಾಡಿಯ ತಪಾಸಣೆ ಆಗಬೇಕು. ತಪ್ಪು ಮಾಡಿದವರು ತಾವೆಂದು ಗಿರಿಯಪ್ಪನವರು ಚೂರುಗಳನ್ನೆಲ್ಲ ಜೋಡಿಸಿ, ಮೇಲೆ ಕೆಂಪು ಟೇಪು ಬಿಗಿದು, ದೂರದಿಂದ ನೋಡಿದರೆ ಗೊತ್ತೇ ಆಗದ ಹಾಗೆ ಮಾಡಿದರು. ತಪಾಸಣೆಯವನು ಹತ್ತಿರದಿಂದಲೇ ನೋಡಿದ. ಉಗುರಿನಿಂದ ಟೇಪಿನ ತುದಿ ಎಬ್ಬಿಸಿ, ಸರ್ರನೆ ಎಳೆದು, ಮಡಚಿ ಲೀಲಾಕ್ಷಿಯ ಕೈಗೇ ಕೊಟ್ಟು, ಹೊಸ ದೀಪ ಹಾಕಿಸಿಕೊಂಡು ಬನ್ನಿ ಎಂದು ನಗುತ್ತಲೇ ಕಳಿಸಿದ.

ಅಲ್ಲಿಂದ ಅವರು ನೇರ ಝುಬೈರನ ಸ್ಪೇರ್ ಪಾರ್ಟ್ಸ್ ಅಂಗಡಿಗೆ ಹೋದರು. ಝುಬೈರ್ ಉಪ್ಪಿನಂಗಡಿಯವನು, ಇಪ್ಪತ್ತು ವರ್ಷದ ಪರಿಚಯ.

"ಲೀಲಕ್ಕ, ಎಂಜಿನ್‌ದು ಎಂತ ಬೇಕಾದ್ರೂ ಕೇಳಿ, ಕೊಡ್ತೇನೆ. ಫೋರ್ಡಿದ್ದೇ ಇದಕ್ಕೂ ಕೂತುಕೊಳ್ತದೆ, ಎರಡೂ ಒಂದೇ ಮನೆಯದ್ದು. ಆದ್ರೆ ಹಿಂದಿನ ಲೈಟ್ ಮಾತ್ರ ಮರ್ಕ್ಯುರಿದೇ ಆಗ್ಬೇಕು. ಅದು ಇಲ್ಲಿ ಮಾಫಿ, ಇಲ್ಲವೇ ಇಲ್ಲ. ಅಮೆರಿಕದಿಂದ ತರಿಸ್ಬಹುದು, ಆರೇಳು ವಾರ ಆಗ್ತದೆ."

"ಗುಜರಿಯಲ್ಲಿ?"

"ಎಲ್ಲ ನೋಡಿ ಆಯ್ತು. ಇದ್ದವೆಲ್ಲ ಖಲಾಸ್." ಝುಬೈರ್ ಮುಂದೆ ಬಾಗಿ, "ಒಬ್ಬರತ್ರ ಉಂಟು. ಅಲ್ ಶಮಾಲ್‌ನಲ್ಲಿ ಅಬು ನಾಸರ್ ಅಂತ ಒಬ್ಬರು ಅಜ್ಜ. ಅವರತ್ರ ಇದೇ ವರ್ಷದ್ದು, ಇದೇ ಮಾಡೆಲ್. ಆದ್ರೆ ಅವರು ಒಂದು ಸ್ಕ್ರೂ ಸಹ ಯಾರಿಗೂ ಕೊಡ್ಲಿಕ್ಕಿಲ್ಲ. ಕೇಳ್ಲಿಕ್ಕೆ ಹೋದವರೆಲ್ಲ ಬೈಸಿಕೊಂಡೇ ಬಂದದ್ದು" ಎಂದ.

"ಬೈದ್ರೆ ಬೈಸಿಕೊಳ್ಳುವ. ಅಡ್ರೆಸ್ ಕೊಡು" ಎಂದರು ಲೀಲಾಕ್ಷಿ.

ಅಮೆರಿಕದ ದೀಪಕ್ಕೂ ಅಲ್ಲೇ ಆರ್ಡರ್ ಕೊಟ್ಟು ಬಂದರು.

ಶುಕ್ರವಾರ ಮಧ್ಯಾಹ್ನ ಗಂಡ ಹೆಂಡತಿ ಹೊರಟರು. ಮನೆಯಲ್ಲಿ ಬಾಳೆಹಣ್ಣು ಕಪ್ಪಾಗಿತ್ತು. ಲೀಲಾಕ್ಷಿ ಬೆಳಿಗ್ಗೆಯೇ ಒಂದು ಡಬ್ಬ ತುಂಬ ಬನ್ಸ್ ಕರಿದಿದ್ದರು. ಉಮ್ಮ್ ಸಲಾಲ್ ದಾಟಿದ ಮೇಲೆ ರಸ್ತೆ ಖಾಲಿಯಾಯಿತು. ಅಜ್ಜನ ಹತ್ತಿರ ಮಾತಾಡುವುದನ್ನೆಲ್ಲ ಗಿರಿಯಪ್ಪನವರು ಹೆಂಡತಿಗೇ ಬಿಟ್ಟಿದ್ದರು. ಅರಬಿಯಲ್ಲಿ ಅವರಿಗೆ ಬರುತ್ತಿದ್ದುದು ಬಟ್ಟೆ, ನೂಲು, ಅಂಟು, ನಾಳೆ ಬನ್ನಿ, ಇಷ್ಟೇ. ಲೀಲಾಕ್ಷಿಗೆ ಹಾಗಲ್ಲ. ಕ್ಲಿನಿಕ್ಕಿಗೆ ಬರುವ ಅಜ್ಜಿಯಂದಿರ ಜೊತೆ ಹಲ್ಲುನೋವಿನಿಂದ ಸೊಸೆಯವರೆಗೆ ಎಲ್ಲ ಮಾತಾಡಿ ಅವರ ಅರಬಿ ಸರಾಗವಾಗಿತ್ತು.

ಅಬು ನಾಸರ್ ಗೇಟಿನ ಹೊರಗೇ ನಿಂತಿದ್ದರು. ಎಂಬತ್ತು ದಾಟಿದ, ತೆಳ್ಳಗಿನ ಮನುಷ್ಯ, ದಪ್ಪ ಕನ್ನಡಕ. ಬಂದವರನ್ನು ಮಾತಾಡಿಸುವ ಮೊದಲು ಕಾರಿನ ಸುತ್ತ ಒಂದು ಸುತ್ತು ಬಂದರು. ಬಾನೆಟ್ಟಿನ ಮೇಲೆ ಅಂಗೈ ಇಟ್ಟರು.

"ಎಷ್ಟು ಓಡಿದೆ?"

"ಮೂರು ಲಕ್ಷ ನಲವತ್ತು ಸಾವಿರ ಕಿಲೋಮೀಟರ್."

"ಯಾರು ಓಡಿಸುವುದು?"

"ನಾನೇ."

ಅವರು ಗಿರಿಯಪ್ಪನವರ ಕಡೆ ನೋಡಿದರು. ಗಿರಿಯಪ್ಪನವರು ನೆಲ ನೋಡಿದರು. ಆಮೇಲೆ ಮುದುಕರ ಕಣ್ಣು ಒಡೆದ ದೀಪದ ಮೇಲೆ ಬಿತ್ತು. "ಓ, ಇದಕ್ಕಾ ಬಂದದ್ದು? ಮಾಫಿ. ಹಿಂದೆ ಒಬ್ಬ ಬಂದಿದ್ದ, ಒಂದು ವಾರಕ್ಕೆ ಅಂತ ಚಕ್ರದ ಮುಚ್ಚಳ ಕೇಳಿದ. ಕೊಟ್ಟೆ. ಒಂಬತ್ತು ವರ್ಷ ಆಯಿತು. ಗಹ್ವಾ ಕಾಫಿ ಕುಡಿದು ಹೋಗಿ."

ಅಂಗಳದ ನೆರಳಿನಲ್ಲಿ ಅವರ ಮರ್ಕ್ಯುರಿ ನಿಂತಿತ್ತು, ತಿಳಿ ಚಿನ್ನದ ಬಣ್ಣದ್ದು. ಕನ್ನಡಿಯ ಹಾಗೆ ಒರೆಸಿ ಇಟ್ಟಿದ್ದರು. ಕಣ್ಣು ಮಂಜಾದ ಮೇಲೆ ರಸ್ತೆಗೆ ತೆಗೆಯುತ್ತಿರಲಿಲ್ಲ. ದಿನಾ ಬೆಳಿಗ್ಗೆ ಸ್ಟಾರ್ಟ್ ಮಾಡಿ, ಅಂಗಳದಲ್ಲೇ ಹತ್ತು ಅಡಿ ಮುಂದೆ, ಹತ್ತು ಅಡಿ ಹಿಂದೆ ಓಡಿಸಿ, ಎಸಿ ಹಾಕಿಕೊಂಡು ಅದರೊಳಗೇ ಕೂತು ಗಹ್ವಾ ಕುಡಿಯುತ್ತಿದ್ದರು. ಮಕ್ಕಳಿಗೆ ಅದು ಬೇಡ. ಅವರ ಗಾಡಿಗಳು ಒಂದೊಂದೂ ಮನೆಯಷ್ಟು ಎತ್ತರ.

"ಇದು ಹುಟ್ಟಿದ ಕಥೆ ಗೊತ್ತೇನು?" ಎಂದು ಅವರು ಲೀಲಾಕ್ಷಿಯನ್ನು ಕೇಳಿದರು. "ಫೋರ್ಡ್ ಕಂಪನಿಯ ಯಜಮಾನನ ಮಗ ಎಡ್ಸೆಲ್ ಶುರು ಮಾಡಿದ್ದು, 1938ರಲ್ಲಿ. ಫೋರ್ಡ್ ಸಾಮಾನ್ಯರ ಗಾಡಿ, ಲಿಂಕನ್ ದೊಡ್ಡವರದು. ನಡುವೆ ಇರುವವರಿಗೆ ಒಂದು ಬೇಡವೇ ಅಂತ ಇದನ್ನು ಮಾಡಿಸಿದ. ಎಪ್ಪತ್ತು ವರ್ಷ ಚೆನ್ನಾಗಿ ನಡೆಯಿತು. ಆಮೇಲೆ ನಡುವಿನವರು ಯಾರೂ ಉಳಿಯಲಿಲ್ಲ ಅಂತ ಕಾಣುತ್ತದೆ. 2011ರ ಜನವರಿಯಲ್ಲಿ ಕೊನೆಯದು ಹೊರಬಂತು. ಅದೂ ಇದೇ ಗ್ರ್ಯಾಂಡ್ ಮಾರ್ಕ್ವಿಸ್, ಅದೂ ಅಮೆರಿಕದಲ್ಲಲ್ಲ, ಕೆನಡಾದ ಫ್ಯಾಕ್ಟರಿಯಲ್ಲಿ. ಸುದ್ದಿ ಕೇಳಿದ ದಿನ ನಾನು ಊಟ ಮಾಡಲಿಲ್ಲ."

"ಎರಡು ಸಲ ಮಾಡಿದರು!" ಎಂದು ಒಳಗಿನಿಂದ ಒಂದು ದನಿ ಬಂತು. ಬಾಗಿಲಲ್ಲಿ ಅವರ ಹೆಂಡತಿ ಉಮ್ಮ್ ನಾಸರ್ ಕೋಲೂರಿಕೊಂಡು ನಿಂತಿದ್ದರು. ಲೀಲಾಕ್ಷಿಯ ಹೆಸರು ಕೇಳಿ, ನಾಲಿಗೆಗೆ ಒಗ್ಗದೆ, "ಲೈಲಾ" ಎಂದೇ ಕರೆದು ಒಳಗೆ ಕೂರಿಸಿಕೊಂಡರು. ಡಬ್ಬ ತೆರೆಸಿದರು.

"ಇದೇನು, ಇಷ್ಟು ಮೆತ್ತಗಿದೆ?"

"ಬಾಳೆಹಣ್ಣು ಹಾಕಿ ಮಾಡಿದ್ದು, ಅಮ್ಮ. ನಮ್ಮ ಊರಿನದು."

ಎರಡು ಬನ್ಸ್ ಮುಗಿಯುವಷ್ಟರಲ್ಲಿ ಉಮ್ಮ್ ನಾಸರ್ ತಮ್ಮ ಮಂಡಿನೋವಿನ ಕಥೆಯನ್ನೂ ಮುಗಿಸಿದ್ದರು. ಹದಿನೈದು ಕಿಲೋಮೀಟರ್ ದೂರದಲ್ಲಿ ತಂಗಿಯ ಮನೆ. ಹೋಗಿ ಎಂಟು ತಿಂಗಳಾಗಿತ್ತು. ಮಕ್ಕಳ ಗಾಡಿ ಹತ್ತಲು ಸ್ಟೂಲು ಬೇಕು. ಒಮ್ಮೆ ಸ್ಟೂಲು ಜಾರಿ ಬಿದ್ದ ಮೇಲೆ ಅವರು ಹತ್ತುವುದನ್ನೇ ಬಿಟ್ಟಿದ್ದರು. "ನಾನೇನು ಮೇಕೆಯೇ, ಜಿಗಿಯುವುದಕ್ಕೆ? ಆ ಹಳೆಯ ಕಾರಾದರೆ ಕುರ್ಚಿಯ ಮೇಲೆ ಕೂತ ಹಾಗೆ ಕೂರುತ್ತೇನೆ. ಇವರಿಗೆ ಕಣ್ಣಿಲ್ಲ, ಬೇರೆಯವರಿಗೆ ಕೀ ಕೊಡುವ ಮನಸ್ಸಿಲ್ಲ."

ಮೂರನೆಯ ಬನ್ಸ್ ಕೈಗೆತ್ತಿಕೊಂಡವರು ಅದನ್ನು ಹಾಗೇ ಹಿಡಿದುಕೊಂಡು ಕೇಳಿದರು: "ಲೈಲಾ, ನೀನು ಓಡಿಸುತ್ತೀಯಲ್ಲ?"

ಅಂಗಳದಲ್ಲಿ ಅಷ್ಟರಲ್ಲಿ ಬೇರೊಂದು ಸಂಗತಿ ನಡೆದಿತ್ತು. ಗಿರಿಯಪ್ಪನವರು ಚಿನ್ನದ ಬಣ್ಣದ ಕಾರಿನ ಕಿಟಕಿಯಿಂದ ಒಳಗೆ ಇಣುಕಿದ್ದರು. ಚಾವಣಿಯ ಒಳಬಟ್ಟೆ ಬಿಸಿಲಿಗೆ ಅಂಟು ಬಿಟ್ಟು, ಮದುವೆ ಚಪ್ಪರದ ಬಟ್ಟೆಯಂತೆ ಜೋತು ಬಿದ್ದಿತ್ತು. ಅಲ್ಲಲ್ಲಿ ಗುಂಡುಸೂಜಿ ಚುಚ್ಚಿ ನಿಲ್ಲಿಸಿದ್ದರು. ಗಿರಿಯಪ್ಪನವರಿಗೆ ಅದನ್ನು ನೋಡಿ ಸಹಿಸಲಾಗಲಿಲ್ಲ. "ಬಟ್ಟೆ... ಅಂಟು... ನಾನು" ಎಂದು ತಮ್ಮ ಎದೆ ಮುಟ್ಟಿಕೊಂಡರು. ಫೋನಿನಲ್ಲಿದ್ದ ತಮ್ಮ ಕೆಲಸದ ಫೋಟೋಗಳನ್ನು ಒಂದೊಂದಾಗಿ ತೋರಿಸಿದರು. ಅಬು ನಾಸರ್ ಕನ್ನಡಕ ಮೇಲೇರಿಸಿ, ಫೋನನ್ನು ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದು ನೋಡಿದರು.

"ಎಲ್ಲರೂ ಕಾರನ್ನೇ ಬಿಸಾಡಿ ಅಂದರು" ಎಂದರು ನಿಧಾನವಾಗಿ. "ನೀನೊಬ್ಬ ಬಟ್ಟೆ ಬದಲಿಸುತ್ತೇನೆ ಅಂತೀಯ."

ಆಗಲೇ ಉಮ್ಮ್ ನಾಸರ್ ಅಬಾಯಾ ಹೊದ್ದು, ಡಬ್ಬ ಕಂಕುಳಲ್ಲಿಟ್ಟುಕೊಂಡು ಹೊರಗೆ ಬಂದದ್ದು. "ಕೀ ಕೊಡಿ. ಲೈಲಾ ನನ್ನನ್ನು ತಂಗಿಯ ಮನೆಗೆ ಕರೆದುಕೊಂಡು ಹೋಗುತ್ತಾಳೆ."

"ಯಾವ ಕಾರಿನಲ್ಲಿ?"

"ನಮ್ಮ ಕಾರಿನಲ್ಲಿ. ಅವಳದಕ್ಕೆ ದೀಪ ಇಲ್ಲ, ನೀವು ಕೊಡುವುದಿಲ್ಲವಂತೆ."

ಅಬು ನಾಸರ್ ಜೇಬಿನ ಮೇಲೆ ಕೈ ಇಟ್ಟುಕೊಂಡರು. ಕೊನೆಗೆ ಕೀ ಕೊಟ್ಟರು, ಆದರೆ ತಾವೂ ಬರುವುದಾಗಿ ಪಟ್ಟು ಹಿಡಿದರು. ಮುಂದಿನ ಸೀಟಿನಲ್ಲಿ ಉಮ್ಮ್ ನಾಸರ್ ಆಗಲೇ ಕೋಲನ್ನೂ ಪಕ್ಕಕ್ಕೆ ಮಲಗಿಸಿಕೊಂಡು ಕೂತಾಗಿತ್ತು. ಹಾಗಾಗಿ ಆ ಕಾರಿನ ಹಿಂದಿನ ಸೀಟು ಹೇಗಿದೆ ಎಂದು ಇಪ್ಪತ್ತು ವರ್ಷದಲ್ಲಿ ಮೊದಲ ಸಲ ಅವರಿಗೆ ಗೊತ್ತಾಯಿತು. ಪಕ್ಕದಲ್ಲಿ ಗಿರಿಯಪ್ಪನವರು. ಕಾರು ಹೊರಟ ಗಾಳಿಗೆ ಗುಂಡುಸೂಜಿಗಳು ಕಿತ್ತು, ಬಟ್ಟೆ ಉಮ್ಮ್ ನಾಸರ್ ಅವರ ತಲೆಯ ಮೇಲೆ ಇಳಿಯತೊಡಗಿತು. ಗಿರಿಯಪ್ಪನವರು ಎರಡೂ ಕೈ ಎತ್ತಿ ಅದನ್ನು ಒತ್ತಿ ಹಿಡಿದರು. ಒಂದು ಕಡೆ ಹಿಡಿದರೆ ಇನ್ನೊಂದು ಕಡೆ ಇಳಿಯಿತು. ಅಬು ನಾಸರ್ ಕೂಡ ಕೈ ಎತ್ತಿದರು. ಹೀಗೆ ಇಬ್ಬರೂ ಪೊಲೀಸರಿಗೆ ಶರಣಾದವರಂತೆ ಕೈ ಮೇಲೆ ಮಾಡಿಕೊಂಡೇ ಹದಿನೈದು ಕಿಲೋಮೀಟರ್ ಪ್ರಯಾಣ ಮಾಡಿದರು.

"ನಿಧಾನ, ಮುಂದೆ ಹಂಪ್ ಇದೆ" ಎಂದರು ಅಬು ನಾಸರ್.

"ಕಂಡಿತು" ಎಂದರು ಲೀಲಾಕ್ಷಿ.

"ಬಲಕ್ಕೆ ಸ್ವಲ್ಪ ಎಳೆಯುತ್ತದೆ."

"ನನ್ನದೂ ಎಳೆಯುತ್ತದೆ, ಅಪ್ಪ."

"ನಲವತ್ತು ವರ್ಷ ನೀವು ಓಡಿಸುವಾಗ ನಾನು ಒಂದು ಮಾತಾಡಿದ್ದೇನೆಯೇ?" ಎಂದು ಉಮ್ಮ್ ನಾಸರ್ ಹಿಂದಕ್ಕೆ ತಿರುಗದೆಯೇ ಕೇಳಿದರು.

"ದಿನಾ ಮಾತಾಡಿದ್ದೀಯ!"

ಲೀಲಾಕ್ಷಿಗೆ ನಗು ತಡೆಯಲಾಗಲಿಲ್ಲ. ಆದರೂ ಹಂಪ್ ಬಂದಾಗ ಕಾರನ್ನು ಎಷ್ಟು ಹಗುರವಾಗಿ ದಾಟಿಸಿದರೆಂದರೆ, ಉಮ್ಮ್ ನಾಸರ್ ಅವರ ತೊಡೆಯ ಮೇಲಿದ್ದ ಡಬ್ಬ ಕೂಡ ಅಲುಗಲಿಲ್ಲ. ಕನ್ನಡಿಯಲ್ಲಿ ಲೀಲಾಕ್ಷಿ ನೋಡಿದಾಗ ಅಬು ನಾಸರ್ ಕೈ ಮೇಲಿಟ್ಟುಕೊಂಡೇ ಕಿಟಕಿಯ ಹೊರಗೆ ನೋಡುತ್ತ, ಮಗುವಿನ ಹಾಗೆ ಮುಗುಳುನಗುತ್ತಿದ್ದರು. ತಂಗಿಯ ಮನೆಯ ಮುಂದೆ ಕಾರು ನಿಂತಾಗ ಮನೆಯವರೆಲ್ಲ ಓಡಿ ಬಂದರು. ಅಕ್ಕತಂಗಿಯರು ಒಬ್ಬರನ್ನೊಬ್ಬರು ಹಿಡಿದುಕೊಂಡು ಅತ್ತರು, ಮರುಕ್ಷಣವೇ ಉಳಿದಿದ್ದ ಬನ್ಸ್ ಯಾರಿಗೆಷ್ಟು ಎಂದು ಜಗಳಕ್ಕೆ ನಿಂತರು.

ಹೊತ್ತು ಮುಳುಗುವ ಮೊದಲು ವಾಪಸ್ಸಾದರು. ಕಾರಿನಿಂದ ಇಳಿದ ಅಬು ನಾಸರ್ ನೇರ ಡಿಕ್ಕಿಯ ಬಳಿ ಹೋಗಿ, ಅದನ್ನು ತೆರೆದು, ಒಳಗಿನ ಹೊದಿಕೆ ಸರಿಸಿ, "ನಟ್ಟು ಬಿಚ್ಚುವ ಪಾನಾ ಕೊಡಿ" ಎಂದರು.

ಯಾಕೆಂದು ಯಾರಿಗೂ ಅರ್ಥವಾಗಲಿಲ್ಲ.

"ನನ್ನ ರಿಜಿಸ್ಟ್ರೇಷನ್ ಮಾರ್ಚ್‌ವರೆಗೆ ಇದೆ. ನಿನ್ನದು ಬರುವ ವಾರ ಮುಗಿಯುತ್ತದೆ. ಈ ದೀಪ ಹಾಕಿಕೋ. ಅಮೆರಿಕದಿಂದ ಬರುವುದನ್ನು ತಂದು ನನ್ನದಕ್ಕೆ ಹಾಕು" ಎಂದರು.

"ನಾನು ತರದಿದ್ದರೆ?" ಎಂದರು ಲೀಲಾಕ್ಷಿ. ಸುಮ್ಮನೆ ತಮಾಷೆಗೆ ಕೇಳಿದ್ದು.

"ನಿನ್ನ ಗಂಡ ಬಟ್ಟೆ ಹಾಕಲು ಬರಲೇಬೇಕಲ್ಲ. ಅವನನ್ನು ಇಲ್ಲೇ ಇಟ್ಟುಕೊಳ್ಳುತ್ತೇನೆ."

ಲೀಲಾಕ್ಷಿ ಅದನ್ನು ಕನ್ನಡದಲ್ಲಿ ಹೇಳಿದಾಗ ಗಿರಿಯಪ್ಪನವರು, "ಇಟ್ಕೊಳ್ಲಿ, ಊಟ ಚೆಂದ ಉಂಟು ಇಲ್ಲಿ" ಎಂದು ಪಾನಾ ಹಿಡಿದು ಬಗ್ಗಿದರು. ಕಾಲು ಗಂಟೆಯ ಕೆಲಸ. ದೀಪ ಅತ್ತಿಂದ ಇತ್ತ ಬಂದು, ಇಲ್ಲೇ ಹುಟ್ಟಿದ್ದೋ ಎಂಬಂತೆ ಕೂತಿತು.

ಸೋಮವಾರ ಗಾಡಿ ತಪಾಸಣೆಯಲ್ಲಿ ಪಾಸಾಯಿತು. ಮುಂದಿನ ಎರಡು ಶುಕ್ರವಾರ ಗಿರಿಯಪ್ಪನವರು ಅಲ್ ಶಮಾಲ್‌ಗೆ ಹೋಗಿ, ಹಳೆಯ ಬಟ್ಟೆ ಕಿತ್ತು, ಬೂದು ಬಣ್ಣದ ಹೊಸದನ್ನು ಸುಕ್ಕಿಲ್ಲದ ಹಾಗೆ ಎಳೆದು ಅಂಟಿಸಿದರು. ಕೂಲಿಯ ಮಾತೆತ್ತಿದರೆ ತಮಗೆ ಸಿಟ್ಟು ಬರುತ್ತದೆ ಎಂದು ಮೊದಲೇ ಹೆಂಡತಿಯಿಂದ ಹೇಳಿಸಿದ್ದರು. ಏಳನೆಯ ವಾರ ಅಮೆರಿಕದ ಪೆಟ್ಟಿಗೆ ಬಂತು. ಅಂದು ಅಮಿತಾಳೂ ಜೊತೆಗೆ ಹೊರಟಳು. ಹೊಸ ದೀಪ ಅಬು ನಾಸರ್ ಅವರ ಕಾರಿಗೆ ಕೂತ ಮೇಲೆ ಎರಡು ಮರ್ಕ್ಯುರಿಗಳನ್ನು ಪಕ್ಕಪಕ್ಕ ನಿಲ್ಲಿಸಿ, ನಾಲ್ಕೂ ಮಂದಿಯನ್ನು ಮುಂದೆ ನಿಲ್ಲಿಸಿ ಫೋಟೋ ತೆಗೆದಳು. ಸಂಜೆಯೊಳಗೆ ಅವಳ ಫೋನಿಗೆ ಗೆಳತಿಯರ ಮೆಸೇಜುಗಳು ಬಂದವು: ಈ ಗೋಲ್ಡ್ ಕಲರ್ ಕಾರ್ ಯಾರದು, ಒಂದು ರೌಂಡ್ ಹೋಗಬಹುದಾ?

"ಕ್ಯೂನಲ್ಲಿ ಬರ್ಬೇಕು ಅಂತ ಹೇಳು" ಎಂದರು ಲೀಲಾಕ್ಷಿ.

ಈಗ ಹದಿನೈದು ದಿನಕ್ಕೊಮ್ಮೆ ಲೀಲಾಕ್ಷಿ ಚಿನ್ನದ ಬಣ್ಣದ ಕಾರು ಓಡಿಸುತ್ತಾರೆ. ಕಳೆದ ಶುಕ್ರವಾರ ಉಮ್ಮ್ ನಾಸರ್‌ಗೆ ಮೀನು ಬಂದಿಳಿಯುವ ದಕ್ಕೆ ನೋಡಬೇಕಾಯಿತು. ಕಾರು ನಿಲ್ಲಿಸಿದ್ದೇ ತಡ, ಅವರು ಕಿಟಕಿ ಇಳಿಸಿ, ಸೀಟಿನಲ್ಲೇ ಕೂತು, ದೊಡ್ಡದೊಂದು ಹಮ್ಮೂರ್ ಮೀನನ್ನು ತರಿಸಿಕೊಂಡು ಅದರ ಕಿವಿರು ಎತ್ತಿ ನೋಡಿದರು. ಲೀಲಾಕ್ಷಿಯೂ ಬಗ್ಗಿ ನೋಡಿದರು. ಕಡಲತೀರದ ಹೆಂಗಸಿಗೆ ಅದನ್ನು ಯಾರೂ ಕಲಿಸಬೇಕಾಗಿರಲಿಲ್ಲ. ಇಬ್ಬರೂ ಒಟ್ಟಿಗೇ ತಲೆಯಾಡಿಸಿ, "ನಿನ್ನೆಯದು" ಎಂದರು. ಮಾರುವವನು ಆಣೆ ಹಾಕತೊಡಗಿದ.

"ಯಲ್ಲಾ, ಬೇಗ ಆಗಲಿ, ಎಸಿ ಎಲ್ಲ ಹೊರಗೆ ಹೋಗುತ್ತಿದೆ!" ಎಂದು ಹಿಂದಿನ ಸೀಟಿನಿಂದ ಅಬು ನಾಸರ್ ಕೂಗಿದರು.

"ಹೋಗಲಿ" ಎಂದರು ಉಮ್ಮ್ ನಾಸರ್, ಮುಂದಿನ ಮೀನು ತರುವಂತೆ ಕೈಸನ್ನೆ ಮಾಡುತ್ತ.