ಬಾಯಿ ತುಂಬ ಮೊಳೆ

"ಏನಪ್ಪಾ ಮಾಡ್ತಿದೀಯ ನೀನು? ನೆಟ್ಟಗೆ ಮಾಡು ಅದನ್ನ, ನೆಟ್ಟಗೆ ಮಾಡು ಮೊದಲು!"

ಅತ್ತೆ ಕೂಗಿದ ರಭಸಕ್ಕೆ ಹಾಲ್‌ನಲ್ಲಿದ್ದವರೆಲ್ಲ ತಿರುಗಿ ನೋಡಿದರು. ಮುಂದಿನ ಸಾಲಿನ ಸೋಫಾ ನಾಲ್ಕೂ ಕಾಲು ಮೇಲೆ ಮಾಡಿ ಬೋರಲು ಬಿದ್ದಿತ್ತು. ಇಸ್ತ್ರಿ ಮಾಡಿದ ಬಿಳಿ ಶರ್ಟಿನ ತೋಳು ಮಡಿಸಿಕೊಂಡು, ಅದರ ಹೊಟ್ಟೆಯೊಳಗೆ ಮೊಣಕೈವರೆಗೂ ಕೈ ಹಾಕಿ ಮೇಷ್ಟ್ರ ಕುಶನ್ ಅಂಗಡಿಯ ಹೊಲಿಗೆಯವನು ಮಂಡಿಯೂರಿದ್ದ. ಅವನ ಬೆನ್ನ ಹಿಂದೆಯೇ, ಹೂಗಳ ನಡುವೆ, ಪೆಟ್ಟಿಗೆಯಲ್ಲಿ ಮೇಷ್ಟ್ರು ಮಲಗಿದ್ದರು.

"ಸ್ಪ್ರಿಂಗ್ ಕಳಚ್ಕೊಂಡಿದೆ ಅಮ್ಮಾ. ನೀವು ಕೂತ್ರೆ ಕಿರ್ರ್ ಅನ್ನತ್ತೆ. ಮೇಷ್ಟ್ರಿಗೆ ಆ ಶಬ್ದ ಕೇಳಿದ್ರೆ ಆಗ್ತಿರ್ಲಿಲ್ಲ."

"ಅವನಿಗೆ ಇನ್ನೇನು ಕೇಳತ್ತೋ ಮಹರಾಯ!"

ಯಾರೋ ಕಿಸಕ್ಕನೆ ನಕ್ಕು, ಕೆಮ್ಮಿದ ಹಾಗೆ ಮಾಡಿ ಸರಿಪಡಿಸಿಕೊಂಡರು. ಮೇಷ್ಟ್ರ ಮಗಳಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಬೆಳಗಿನಿಂದ ಅವಳಿಗೆ ಯಾವುದೂ ತಿಳಿಯುತ್ತಿರಲಿಲ್ಲ. ಇನ್ನು ಸ್ವಲ್ಪ ಹೊತ್ತಿಗೆ ಪೆಟ್ಟಿಗೆ ಆ ಪರದೆಯಾಚೆ, ಚಿತಾಗಾರದ ಬೆಂಕಿಗೆ ಹೋಗುತ್ತದೆ. ಅದಕ್ಕೆ ಮೊದಲು ಅವಳು ಎದ್ದು ನಿಂತು ಅಪ್ಪನ ಬಗ್ಗೆ ನಾಲ್ಕು ಮಾತಾಡಬೇಕು. ಅಮ್ಮ ಎಂದೋ ಹೋದಳು, ಒಡಹುಟ್ಟಿದವರಿಲ್ಲ. ಆಡಿದರೆ ಅವಳೇ ಆಡಬೇಕು. ಆದರೆ ಏನಂತ? ತನಗೇ ಅಂತ ಅಪ್ಪ ಒಂದು ಮಾತಾದರೂ ಆಡಿದ್ದರೆ ಅದನ್ನೇ ಹೇಳಿ ಕೂತುಬಿಡಬಹುದಿತ್ತು.

"ಏನಾದ್ರೂ ಹೊಳೀತೇನೇ?" ಅತ್ತೆ ಪಕ್ಕಕ್ಕೆ ಬಂದು ಕೇಳಿದರು.

"ಅತ್ತೆ, ಅಪ್ಪ ಪರದೇಶದ ಕೆಲಸ ಯಾಕೆ ಬಿಟ್ರು?"

"ಈಗ್ಯಾಕೆ ಅದು? ಗಂಟಲು ಕೆಟ್ಟಿತ್ತು ಅಂತ ನಿಮ್ಮಮ್ಮ ಹೇಳ್ತಿದ್ಳಪ್ಪ."

"ನಾನು ಕೇಳಿದ್ದೇ ಬೇರೆ," ಹಿಂದಿನ ಸಾಲಿನಿಂದ ಪಕ್ಕದ ಮನೆಯಾತ ಬಗ್ಗಿದ. "ಅಲ್ಲಿ ಯಾರ ಜೊತೇನೋ ಜಗಳ ಆಡ್ಕೊಂಡ್ರಂತೆ."

"ನಮ್ಮಣ್ಣ? ಜಗಳ? ಅದಕ್ಕೂ ಬಾಯಿ ಬಿಡಬೇಕಲ್ಲ ಸ್ವಾಮಿ!" ಅತ್ತೆ ಅವನ ಬಾಯಿ ಮುಚ್ಚಿಸಿದರು. "ಕೆಟ್ಟು ಪಟ್ಟಣ ಸೇರು ಅಂತಾರೆ. ಇವನು ಪಟ್ಟಣದಲ್ಲಿ ರಾಜನ ಹಾಗೆ ಇಂಗ್ಲಿಷ್ ಹೇಳ್ಕೊಟ್ಕೊಂಡು ಇದ್ದೋನು, ಬಿಟ್ಟು ಬಂದು ಸೋಫಾಗೆ ಮೊಳೆ ಹೊಡೆಯಕ್ಕೆ ಕೂತ. ಅದರ ತಲೆಬುಡ ಇವತ್ತಿಗೂ ನಂಗೆ ಗೊತ್ತಾಗಿಲ್ಲ ಕಣೇ."

ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು.

*

ಅಪ್ಪನ ಕುಶನ್ ಅಂಗಡಿ ಶಾಲೆಯಿಂದ ಮನೆಗೆ ಬರುವ ದಾರಿಯಲ್ಲೇ ಇತ್ತು. ಒಳಗೆ ರೆಕ್ಸಿನ್ ಮತ್ತು ಗೋಂದಿನ ವಾಸನೆ. ಒಂದು ಮೂಲೆಯಲ್ಲಿ ಹೊಲಿಗೆಯವನ ಮಿಷನ್ನು, ಇನ್ನೊಂದು ಮೂಲೆಯಲ್ಲಿ ಚರ್ಮ ಸುಲಿದ ಹಾಗೆ ಬಟ್ಟೆ ಕಿತ್ತ ಕುರ್ಚಿಗಳು. ಹುಡುಗಿ ಬ್ಯಾಗು ಎಸೆದು ಫೋಮಿನ ರಾಶಿಯ ಮೇಲೆ ಹಾರಿ ಕೂತಳೆಂದರೆ ಶುರು: ಯಾರು ಯಾರಿಗೆ ಗುದ್ದಿದರು, ಯಾರ ಡಬ್ಬಿ ಕದ್ದು ತಿಂದರು, ಲೆಕ್ಕದ ಟೀಚರ್ ಸೀರೆಗೆ ಹೇಗೆ ಮಸಿ ಹತ್ತಿತು.

ಅಪ್ಪನ ಬಾಯಿ ತುಂಬ ಸಣ್ಣ ಮೊಳೆಗಳು. ನಾಲಿಗೆಯಿಂದ ಒಂದೊಂದನ್ನೇ ತುಟಿಗೆ ತಂದು, ಅಯಸ್ಕಾಂತದ ಸುತ್ತಿಗೆಯ ತುದಿಗೆ ಅಂಟಿಸಿಕೊಂಡು ಟಕ್ ಎಂದು ಹೊಡೆಯುತ್ತಿದ್ದರು. "ಅಪ್ಪಾ, ಕೇಳ್ತಿದೀಯಾ?" ಅಂದರೆ "ಹ್ಞೂಂ." "ಮತ್ತೆ ಏನಾದ್ರೂ ಹೇಳು!" ಅಂದರೂ "ಹ್ಞೂಂ." ಟಕ್, ಟಕ್.

ಕಾಲೇಜಿಗೆ ಸೇರುವ ಹೊತ್ತಿಗೆ ಗೋಡೆಯ ಹತ್ತಿರ ಮಾತಾಡಿ ಸಾಕಾದಂತೆ ಅವಳಿಗೆ ಸಾಕಾಗಿತ್ತು. ಬೇರೆ ರಸ್ತೆಯಲ್ಲಿ ಹೋಗುವ ಬಸ್ಸು ಹಿಡಿಯತೊಡಗಿದಳು. ಅಪ್ಪ ಯಾಕೆ ಅಂತಲೂ ಕೇಳಲಿಲ್ಲ.

*

ಬಾಗಿಲಲ್ಲಿ ಒಬ್ಬ ಅಪರಿಚಿತ ನಿಂತಿದ್ದ. ಕೂದಲು ಅಲ್ಲಲ್ಲಿ ನೆರೆತಿತ್ತು, ಕೈಯಲ್ಲಿ ಸಣ್ಣ ಸೂಟ್‌ಕೇಸ್. ಹೊಲಿಗೆಯವನು ಸೋಫಾ ನೆಟ್ಟಗೆ ಮಾಡಿಟ್ಟು, ಕೈ ಒರೆಸಿಕೊಳ್ಳುತ್ತ ಬಂದು ಮಗಳ ಕಿವಿಯಲ್ಲಿ, "ಇವರು ಪರದೇಶದಲ್ಲಿ ಮೇಷ್ಟ್ರ ಹಳೇ ಸ್ಟೂಡೆಂಟು, ಪುಟ್ಟಮ್ಮ. ಆಫೀಸ್ ಕೆಲಸಕ್ಕೆ ಈ ಕಡೆ ಬಂದೋರು ನಿನ್ನೆ ಅಂಗಡಿಗೆ ಫೋನ್ ಮಾಡಿದ್ರು. ನಂಗೆ ಬರೋ ಇಂಗ್ಲಿಷಲ್ಲೇ ಹೇಗೋ ಮುಟ್ಟಿಸ್ದೆ," ಎಂದ.

ಬಂದವನು ಇಂಗ್ಲಿಷಿನಲ್ಲಿ ಮಾತು ಶುರುಮಾಡಿದ. ಮೊದಲ ವಾಕ್ಯ ಮುಗಿಸಿ ಸಣ್ಣಗೆ ಗಂಟಲು ಸರಿಮಾಡಿಕೊಂಡ, ತಡೆದ, ದನಿ ತಗ್ಗಿಸಿ ಎರಡನೆಯದಕ್ಕೆ ಬಂದ. ಸೋಫಾದಲ್ಲಿ ಒರಗಿದ್ದ ಅತ್ತೆ ದಡಕ್ಕನೆ ನೆಟ್ಟಗೆ ಕೂತರು.

"ಅಯ್ಯಯ್ಯೋ, ಇದೇನೇ ಇದು? ನಮ್ಮಣ್ಣನೇ ಮಾತಾಡ್ದ ಹಾಗಿದೆಯಲ್ಲೇ!"

ಅಪ್ಪನದೇ ಗಂಟಲು, ಅಪ್ಪನದೇ ತಡೆ. ಮಗಳು ಗೊತ್ತಿಲ್ಲದೆಯೇ ಪೆಟ್ಟಿಗೆಯ ಕಡೆ ಒಮ್ಮೆ ನೋಡಿಬಿಟ್ಟಳು.

"ಎಲ್ಲರೂ ಹಾಗೇ ಅನ್ನುತ್ತಾರೆ," ಅವನು ನಾಚಿಕೊಂಡ. ಇಂಗ್ಲಿಷಿನಲ್ಲೇ ಹೇಳುತ್ತಿದ್ದ. "ಅವರು ಹೇಳುವುದು, ನಾವು ಗಟ್ಟಿಯಾಗಿ ಮತ್ತೆ ಹೇಳುವುದು. ಕಲಿಸುತ್ತಿದ್ದದ್ದೇ ಹಾಗೆ. ನಮ್ಮ ಊರಿನ ಬ್ಯಾಂಕಿನಲ್ಲಿ, ರೈಲ್ವೆ ಕೌಂಟರಿನಲ್ಲಿ, ಆಸ್ಪತ್ರೆಯಲ್ಲಿ, ಎಲ್ಲೆಲ್ಲೂ ಇದೇ ದನಿ. ಅವರಿಗೆ ಅದೊಂದು ತಮಾಷೆಯಾಗಿತ್ತು."

"ಮತ್ತೆ ಯಾಕೆ ಬಿಟ್ಟು ಬಂದರು?"

ಅವನು ಹುಬ್ಬೇರಿಸಿದ. "ನಿಮಗೆ ಗೊತ್ತಿಲ್ಲವೇ? ನಿಮ್ಮಿಂದಲೇ ಅಲ್ಲವೇ?"

"ನಾನೇನು ಮಾಡಿದೆ?"

"ನೀವೇನೂ ಮಾಡಲಿಲ್ಲ. ಫೋನ್ ಎತ್ತಿಕೊಂಡಿರಿ. ಮಾರನೇ ದಿನ ತರಗತಿಗೆ ಬಂದು ಪಾಠ ಮಾಡದೆ ಮೇಜಿನ ಮೇಲೆ ಕೂತುಬಿಟ್ಟರು. ಆಮೇಲೆ ಹೇಳಿದರು: ಮನೆಗೆ ಫೋನ್ ಮಾಡಿದ್ದೆ, ಯಾವುದೋ ಹುಡುಗಿ ಎತ್ತಿತು, ಯಾರಮ್ಮ ನೀನು, ಮನೆಯವರನ್ನು ಕರಿ ಅಂದೆ, ನಾನೇ ಅಪ್ಪಾ ಅಂತು. ಆ ವರ್ಷದ ಪಾಠ ಮುಗಿಸಿ ಹೊರಟೇಬಿಟ್ಟರು. ನಾವೆಲ್ಲ ತಡೆಯಲು ನೋಡಿದೆವು."

ಅವಳು ನೆನಪಿಸಿಕೊಳ್ಳಲು ನೋಡಿದಳು. ಫೋನ್ ಇದ್ದ ಮೂಲೆ ನೆನಪಿತ್ತು, ಅದರ ಸುರುಳಿ ವೈರು ನೆನಪಿತ್ತು. ಆ ಮಾತು ಮಾತ್ರ ಎಷ್ಟು ತಡಕಾಡಿದರೂ ಸಿಗಲಿಲ್ಲ. ಒಬ್ಬ ಮನುಷ್ಯನ ಬದುಕನ್ನೇ ಮಗುಚಿ ಹಾಕಿದ ಮಾತು ಅವಳ ಪಾಲಿಗೆ ಆಗಿಯೇ ಇರಲಿಲ್ಲ.

"ಆಯ್ತು, ಬಂದ್ರು. ಬಂದು ಇಲ್ಲೂ ಇಂಗ್ಲಿಷ್ ಹೇಳ್ಕೊಡ್ಬಹುದಿತ್ತಲ್ಲ? ಕುಶನ್ ಕೆಲಸ ಯಾಕೆ?" ಅವಳು ಕನ್ನಡದಲ್ಲೇ ಕೇಳಿದ್ದಳು, ಯಾರನ್ನು ಅಂತ ಅವಳಿಗೂ ಗೊತ್ತಿರಲಿಲ್ಲ.

ಉತ್ತರ ಹೊಲಿಗೆಯವನಿಂದ ಬಂತು. "ಮೇಷ್ಟ್ರಿಗೆ ಆ ಕೆಲಸದ ಗಂಧಗಾಳಿ ಇರ್ಲಿಲ್ಲ ಪುಟ್ಟಮ್ಮ. ಹಳೇ ಓನರ್ ಅಂಗಡಿ ಬಿಡ್ತೀನಿ ಅಂತ ಬೋರ್ಡ್ ಹಾಕಿದ್ರು. ಇವರು ಬಂದು ಬಾಡಿಗೆ ಕೇಳ್ಲಿಲ್ಲ, ವ್ಯಾಪಾರ ಕೇಳ್ಲಿಲ್ಲ. ಶಾಲೆ ಮಕ್ಕಳು ಈ ರಸ್ತೇಲೇ ಮನೆಗೆ ಹೋಗೋದಾ ಅಂತ ಕೇಳಿದ್ರು. ಸ್ಕೂಲ್ ಬ್ಯಾಗ್ ಹೊಲಿಸೋ ಯೋಚನೆ ಇರಬೇಕು ಅಂತ ನಾನು ಒಂದಿಷ್ಟು ಕ್ಯಾನ್ವಾಸ್ ಬೇರೆ ತಂದಿಟ್ಟೆ. ದಡ್ಡ ನಾನು."

"ಬಂದ್ರೆ ಒಂದು ಮಾತಾದ್ರೂ ಆಡಬಾರದಿತ್ತಾ ನನ್ನ ಹತ್ರ!"

"ಮೊಳೆ ಇಟ್ಕೊಳ್ತಿದ್ರಲ್ಲ ಬಾಯಲ್ಲಿ."

"ಅದೇ ಹೇಳ್ತಿರೋದು!"

"ನೀವು ಬರೋ ಹೊತ್ತಿಗೆ ಮಾತ್ರ ಪುಟ್ಟಮ್ಮ. ಉಳಿದ ಹೊತ್ತೆಲ್ಲ ಡಬ್ಬಿಯಿಂದ್ಲೇ ತೆಗೆದು ಹೊಡೀತಿದ್ರು. ಬಾಯಿ ಖಾಲಿ ಇದ್ರೆ ನಾನು ಮೇಷ್ಟ್ರಾಗ್ಬಿಡ್ತೀನಿ ಕಣೋ, ಅವಳ ಮಾತು ನಿಂತ್ಹೋಗತ್ತೆ ಅನ್ನೋರು. ನೀವು ಬಸ್ಸು ಹಿಡಿದ ಮೇಲೆ ಬಾಯಿಗೆ ಹಾಕ್ಕೊಳ್ಳೋದನ್ನೇ ಬಿಟ್ರು."

ಅತ್ತೆ ಮೂಗು ಒರೆಸಿಕೊಂಡರು. "ಪೆದ್ದ! ಬಾಯಿ ಬಿಟ್ಟು ಹೇಳಿದ್ರೆ ಗಂಟೇನು ಹೋಗ್ತಿತ್ತೋ!"

ಮಗಳಿಗೆ ಸಿಟ್ಟು ಬಂತು. ಅಳು ಬಂತು. ಅಷ್ಟರಲ್ಲಿ ಹಾಲ್‌ನ ನೌಕರ ಬಂದು, ಹೊತ್ತಾಯಿತು, ಮಾತಾಡುವವರು ಮಾತಾಡಬಹುದು ಎಂದ.

ಅವಳು ಎದ್ದು ಹೋದಳು. ಕೂತವರ ಕಡೆ ತಿರುಗಿ ನಿಂತಳು. ಆಮೇಲೆ ಅವರೆಲ್ಲರಿಗೂ ಬೆನ್ನು ಮಾಡಿ ಪೆಟ್ಟಿಗೆಯ ಪಕ್ಕದಲ್ಲಿ ನೆಲದ ಮೇಲೆ ಕೂತುಬಿಟ್ಟಳು.

"ಅಪ್ಪಾ, ಆ ಹೂವಿನವನು ಇದಾನಲ್ಲ, ಬೆಳಗ್ಗೆ ತಪ್ಪು ಮನೆಗೆ ಹೋಗಿ ಹಾರ ಕೊಟ್ಟು ಬಂದಿದ್ದ ಕಣಪ್ಪಾ. ಅಲ್ಲಿ ಅವರು ಮದುವೆ ಮನೆಯೋರು, ಅವನನ್ನ ಹೊಡೆಯೋದೊಂದು ಬಾಕಿ. ಆಮೇಲೆ ನಾನು ಹೊಸ ಚಪ್ಪಲಿ ಹಾಕ್ಕೊಂಡು ಬಂದ್ನಾ, ಹಿಮ್ಮಡಿ ಎಲ್ಲ ಉಜ್ಜಿ ಗುಳ್ಳೆ ಎದ್ದಿದೆ. ನಮ್ಮ ಮ್ಯಾನೇಜರ್ ರಜಾ ಕೊಡ್ವಾಗ ಏನಂದ ಗೊತ್ತಾ..."

ಕೂತವರು ಮುಖ ಮುಖ ನೋಡಿಕೊಂಡರು. ನೌಕರ ಪರದೆಯ ಹಗ್ಗಕ್ಕೆ ಕೈ ಹಾಕಿದವನು ಹಾಗೇ ನಿಂತ. ಅವಳು ನಿಲ್ಲಿಸಲಿಲ್ಲ, ಆಫೀಸು ಮುಗಿಸಿ ಮನೆಗೆ ಬಂದಳು, ಮನೆಯಿಂದ ಹೋದ ವಾರಕ್ಕೆ ಹೋದಳು. ಎರಡನೇ ಸಾಲಿನಲ್ಲಿ ಆ ಪರದೇಶದವನು ನೆಟ್ಟಗೆ ಕೂತು, ಒಂದಕ್ಷರವೂ ಅರ್ಥವಾಗದೆ, ಅವಳ ಮಾತುಗಳನ್ನು ಒಂದೊಂದಾಗಿ ತುಟಿಯಲ್ಲೇ ಮತ್ತೆ ಹೇಳಿಕೊಳ್ಳುತ್ತಿದ್ದ.