ಉಣ್ಣೆ ದಾರದ ಯುದ್ಧ

ರಷ್ಯದಿಂದ ಫ್ರಾನ್ಸಿಗೆ ಓಡುವ ಅವಸರದಲ್ಲಿ ಹುಡುಗಿಯ ಕಾಲಿಗೆ ಕೆಂಪು ಉಣ್ಣೆಯ ದಾರ ಸಿಕ್ಕಿಕೊಂಡಿತು. ಮುಗ್ಗರಿಸಿದವಳು ಬ್ರಿಟನ್ ಆಗಿದ್ದ ಬೆಂಚನ್ನು ಹಿಡಿದುಕೊಂಡು ಹೇಗೋ ನಿಂತಳು.

"ನಿಧಾನ ಮಗು," ಎಂದರು ಮೇಷ್ಟ್ರು. "ಅವರೆಲ್ಲ ಅವಸರ ಮಾಡಿದ್ದಕ್ಕೇ ಅಷ್ಟೆಲ್ಲ ಆಗಿದ್ದು."

ಈ ಚರಿತ್ರೆಯ ಮೇಷ್ಟ್ರಿಗೆ ಶಾಲೆಯ ಮಕ್ಕಳು ಇಟ್ಟ ಹೆಸರು 'ಮಹಾಯುದ್ಧ'. ಅದು ಅವರ ಕಿವಿಗೂ ಬಿದ್ದಿತ್ತು. ಗೊತ್ತಿಲ್ಲದವರಂತೆ ಇದ್ದರೂ ಒಳಗೊಳಗೇ ಹಿಗ್ಗಿದ್ದರು. ಸುಮ್ಮನೆ ಬಂದ ಹೆಸರಲ್ಲ ಅದು. ಮೊದಲ ಮಹಾಯುದ್ಧದ ಪಾಠ ಬಂತೆಂದರೆ ಅವರು ಪುಸ್ತಕ ಮುಚ್ಚಿಸಿ, ಒಂದೊಂದು ಬೆಂಚನ್ನು ಒಂದೊಂದು ದೇಶ ಮಾಡಿಬಿಡುತ್ತಿದ್ದರು. ಯಾರು ಯಾರಿಗೆ ಮಾತು ಕೊಟ್ಟಿದ್ದರೋ ಅವರ ಮಣಿಕಟ್ಟುಗಳಿಗೆಲ್ಲ ಒಂದೇ ದಾರ. ಒಂದು ಬಣಕ್ಕೆ ಕೆಂಪು, ಇನ್ನೊಂದಕ್ಕೆ ನೀಲಿ. ಆಸ್ಟ್ರಿಯದ ಯುವರಾಜನಿಗೆ ಗುಂಡು ಬಿತ್ತು ಎಂದು ಮೇಷ್ಟ್ರು ಮೇಜು ಗುದ್ದಿದರೆ ಆಸ್ಟ್ರಿಯ ಎದ್ದು ಸರ್ಬಿಯದ ಮೇಲೆ ಏರಿಹೋಗಬೇಕು. ಸರ್ಬಿಯ ದಾರ ಜಗ್ಗಿದರೆ ರಷ್ಯ ಏಳಬೇಕು, ಆಸ್ಟ್ರಿಯ ಜಗ್ಗಿದರೆ ಜರ್ಮನಿ. ನೋಡನೋಡುತ್ತಿದ್ದಂತೆ ಇಡೀ ತರಗತಿ ಎದ್ದು ಗದ್ದಲವೋ ಗದ್ದಲ, ಪಕ್ಕದ ಕೋಣೆಯಿಂದ ಗಣಿತದವರು ಬಂದು ಬಾಗಿಲು ಬಡಿಯಬೇಕು. ಅಲ್ಲಿಗೆ ಪಾಠ ಮುಗಿದಂತೆ.

ಉಣ್ಣೆ ಅವರ ಹೆಂಡತಿಯದು. "ನಿಮ್ಮ ಯುದ್ಧಕ್ಕೆ ಮೊದಲು ಬಲಿಯಾಗಿದ್ದು ನನ್ನ ಸ್ವೆಟರು," ಎಂದು ಆಕೆ ಬದುಕಿದ್ದಷ್ಟು ದಿನವೂ ಹಂಗಿಸಿದ್ದರು.

ಈ ವರ್ಷ ಗಣಿತದವರಿಗೆ ಆ ಕಾಟವಿರಲಿಲ್ಲ. ಚರಿತ್ರೆ ಇಲ್ಲವೇ ಕಂಪ್ಯೂಟರು, ಎರಡರಲ್ಲಿ ಒಂದನ್ನು ಆರಿಸಿಕೊಳ್ಳಿ ಎಂದದ್ದೇ ತಡ, ಮಕ್ಕಳೆಲ್ಲ ದಂಡುಕಟ್ಟಿಕೊಂಡು ಮಹಡಿಯ ಕಂಪ್ಯೂಟರು ಕೋಣೆಗೆ ಹೋಗಿಬಿಟ್ಟರು. ಕೆಳಗೆ ಉಳಿದವಳು ಬಸ್ ಕಂಡಕ್ಟರ ಮಗಳು ಒಬ್ಬಳೇ. ಮುಖ್ಯೋಪಾಧ್ಯಾಯಿನಿ ಮೇಷ್ಟ್ರನ್ನು ಕರೆದು ಹೇಳಿದ್ದರು: "ಒಂದು ಮಗು ಕೇಳಿದ ಮೇಲೆ ಇಲ್ಲ ಅನ್ನೋಕಾಗಲ್ಲ, ನಡೆಸಿ. ಅವಳೂ ಬಿಟ್ಟರೆ ಮಾತ್ರ ತರಗತಿ ಮುಚ್ಚಬೇಕಾಗುತ್ತೆ. ಆಮೇಲೆ ನೀವು ಗ್ರಂಥಾಲಯ ನೋಡ್ಕೊಳ್ಳಿ."

ಅಂದಿನಿಂದ ಮೇಷ್ಟ್ರು ಆ ಹುಡುಗಿಯನ್ನು ಕಣ್ಣಲ್ಲಿ ಕಣ್ಣಿಟ್ಟು ನೋಡಿಕೊಂಡರು. ಅವಳು ಕೆಮ್ಮಿದರೂ ಅವರಿಗೆ ಕಳವಳ. ಮನೆಯಲ್ಲಿ ಅವರ ಮಾತಿಗೆ ಎದುರು ಮಾತಾಡುವುದು ರೇಡಿಯೊ ಒಂದೇ, ಅದೂ ಇವರು ಕೇಳಿದ್ದಕ್ಕಲ್ಲ. ಇಡೀ ದಿನದಲ್ಲಿ ಒಬ್ಬರು ಎದುರು ಕೂತು "ಯಾಕೆ ಸರ್?" ಎಂದು ಕೇಳುತ್ತಿದ್ದದ್ದು ಈ ಒಂದು ತರಗತಿಯಲ್ಲಿ ಮಾತ್ರ. ಆ ಪ್ರಶ್ನೆಗಾಗಿಯೇ ಅವರು ಬೆಳಿಗ್ಗೆ ಅಂಗಿಗೆ ಇಸ್ತ್ರಿ ಹಾಕುತ್ತಿದ್ದರು. ಒಬ್ಬಳಾದರೇನು, ಚರಿತ್ರೆಯ ರುಚಿ ಹತ್ತಿದವಳು ಎಂದು ಸಿಕ್ಕವರ ಮುಂದೆಲ್ಲ ಹೇಳಿಕೊಂಡಿದ್ದರು.

ಹಾಗಾಗಿ ಇವತ್ತು ಯುರೋಪಿನ ಅಷ್ಟೂ ದೇಶಗಳನ್ನು ಅವಳೊಬ್ಬಳೇ ಆಡಬೇಕಾಗಿತ್ತು. ಮಣಿಕಟ್ಟುಗಳ ಬದಲು ಬೆಂಚಿನ ಕಾಲಿಗೆ ದಾರ ಕಟ್ಟಿದರು. ನೀಲಿಯನ್ನು ಮೇಷ್ಟ್ರು, ಕೆಂಪನ್ನು ಅವಳು. ಮೇಷ್ಟ್ರು ಮೇಜು ಗುದ್ದಿದಾಗಲೆಲ್ಲ ಅವಳು ಒಂದು ದೇಶದಿಂದ ಇನ್ನೊಂದಕ್ಕೆ ಓಡಿ, ಕೂತು, ಏಳುತ್ತಿದ್ದಳು. ಮುಗ್ಗರಿಸಿದ ಮೇಲೆ ಮಾತ್ರ ಫ್ರಾನ್ಸಿನಲ್ಲಿ ಕುಳಿತವಳು ಏಳಲಿಲ್ಲ.

"ಸರ್, ಇವರಲ್ಲಿ ಯಾರಾದ್ರೂ ಒಬ್ರು ಏಳದೆ ಕೂತಿದ್ರೆ?"

"ಯುದ್ಧ ಅಲ್ಲಿಗೇ ನಿಂತು ಹೋಗ್ತಿತ್ತೇನೋ."

"ಮತ್ತೆ ಯಾಕೆ ಕೂರ್ಲಿಲ್ಲ?"

"ನಾನು ಕೂತ್ರೆ ಹೆದರಿದೆ ಅಂದ್ಕೋತಾರೆ ಅಂತ. ಒಬ್ಬೊಬ್ಬರಿಗೂ ಅದೇ ಚಿಂತೆ."

ಅವಳು ದಾರವನ್ನು ಬೆರಳಿಗೆ ಸುತ್ತಿಕೊಂಡಳು, ಬಿಚ್ಚಿದಳು. ಆಮೇಲೆ ಮೇಷ್ಟ್ರು ಕೇಳದೆಯೇ ಹೇಳಿದಳು. ಅವಳ ಜೀವದ ಗೆಳತಿ, ಔಷಧಿ ಅಂಗಡಿಯವರ ಮಗಳು. ಆ ಗೆಳತಿಯ ಚಿಕ್ಕಪ್ಪನ ಮಗಳು ಇವಳ ಕೊಡೆಯನ್ನು ಕೇಳದೆ ಒಯ್ದು ಮುರಿದಳು. ಇವಳು ಬೈದಳು. ಗೆಳತಿ ತಂಗಿಯ ಪರ ನಿಂತಳು, ಪಕ್ಕದವಳು ಇವಳ ಪರ. ಗೆಳತಿಯ ಪರ ಇನ್ನಿಬ್ಬರು, ಇವಳ ಪರ ಇನ್ನೊಬ್ಬಳು. ಕೊನೆಗೆ ಇವಳ ಕಡೆಯವರೆಲ್ಲ ಸದ್ದಿಲ್ಲದೆ ರಾಜಿಯಾಗಿ ಆಚೆ ಸೇರಿಕೊಂಡರು. ಈಗ ಇವಳು ಊಟದ ಡಬ್ಬಿ ಹಿಡಿದು ಹಿಂದಿನ ಮೆಟ್ಟಿಲ ಮೇಲೆ ಒಬ್ಬಳೇ ಕೂರುತ್ತಾಳೆ. ಅದನ್ನು ಮೇಷ್ಟ್ರು ಕಿಟಕಿಯಿಂದ ಕಂಡಿದ್ದರು, ಓದುವ ಹುಡುಗಿಗೆ ಏಕಾಂತ ಬೇಕೇನೋ ಎಂದುಕೊಂಡಿದ್ದರು.

"ಅದಕ್ಕೇನಾ ನೀನು ಚರಿತ್ರೆ ತಗೊಂಡಿದ್ದು?"

ಹುಡುಗಿ ತಲೆ ತಗ್ಗಿಸಿದಳು. "ಮೇಲೆ ಹೋದ್ರೆ ಅವಳ ಪಕ್ಕಾನೇ ಕೂರಬೇಕಾಗ್ತಿತ್ತು ಸರ್."

ಮೇಷ್ಟ್ರ ಮುಖ ಸಪ್ಪಗಾಯಿತು. ಎಷ್ಟು ಜನರ ಮುಂದೆ ಕೊಚ್ಚಿಕೊಂಡಿದ್ದೆನಲ್ಲ ಎಂದು ನಾಚಿಕೆಯೂ ಆಯಿತು.

"ಈಗ ನಾನಾಗೇ ಹೋಗಿ ಮಾತಾಡ್ಸಿದ್ರೆ ನಾನು ಸೋತ ಹಾಗೆ ಅಲ್ವಾ ಸರ್?"

ಹೌದು ಅನ್ನಬಹುದಿತ್ತು. ಏನೂ ಅನ್ನದೆ, ಎಲ್ಲಿಗೆ ಬಂದಿದ್ವಿ ಎಂದು ಪುಸ್ತಕ ತೆರೆದಿದ್ದರೂ ಸಾಕಿತ್ತು. ಹುಡುಗಿ ಇದೇ ಬೆಂಚಿನಲ್ಲಿ ಕೂತಿರುತ್ತಿದ್ದಳು, ಎರಡನೆಯ ಮಹಾಯುದ್ಧ ಮುಗಿಯುವವರೆಗೂ. ಮೇಷ್ಟ್ರು ಕನ್ನಡಕ ತೆಗೆದು ಒರೆಸಿದರು. ಒರೆಸಿದ್ದನ್ನೇ ಮತ್ತೆ ಒರೆಸಿದರು.

"ಗೆದ್ದವರ ಮನೆಗಳಲ್ಲೂ ಊಟಕ್ಕೆ ಕೂತಾಗ ಒಂದು ಕುರ್ಚಿ ಖಾಲಿ ಇರ್ತಿತ್ತು ಮಗು," ಎಂದರು. "ಆ ಖಾಲಿ ಕುರ್ಚಿ ನೋಡ್ಕೊಂಡು ಊಟ ಮಾಡೋದಿದ್ಯಲ್ಲ, ಅದಕ್ಕಿಂತ ಸೋಲು ಇನ್ನೊಂದಿಲ್ಲ. ಹೋಗು, ಮಾತಾಡ್ಸು."

ಮರುದಿನ ಅವಳು ಬಂದಾಗ ಒಳಗೆ ಕಾಲಿಡದೆ ಬಾಗಿಲಲ್ಲೇ ನಿಂತಳು. ಹಿಂದೆ, ಕಂಬಕ್ಕೆ ಅರ್ಧ ಮರೆಯಾಗಿ ಔಷಧಿ ಅಂಗಡಿಯವರ ಮಗಳು.

"ನಾನು ಬಾಯಿ ತೆಗೆಯೋ ಮೊದಲೇ ಅವಳು ಅತ್ತೇಬಿಟ್ಲು ಸರ್." ಹುಡುಗಿಯ ಮುಖ ಅರಳಿತ್ತು. ಅಷ್ಟು ದಿನದಲ್ಲಿ ಮೇಷ್ಟ್ರು ಆ ಮುಖವನ್ನು ಕಂಡೇ ಇರಲಿಲ್ಲ. "ಮೇಡಂನ ಕೇಳಿದೆ. ಈಗ್ಲೂ ಕಂಪ್ಯೂಟರಿಗೆ ಬದಲಾಯಿಸ್ಕೋಬಹುದಂತೆ. ನಿಮಗೆ ಬೇಜಾರಾಗಲ್ಲ ತಾನೆ?"

"ಬೇಜಾರ್ಯಾಕೆ," ಎಂದರು ಮೇಷ್ಟ್ರು. "ನಿಧಾನವಾಗಿ ಮೆಟ್ಟಿಲು ಹತ್ತು, ಓಡ್ಬೇಡ."

ಅವಳು ಓಡಿದಳು. ಇಬ್ಬರೂ ಓಡಿದರು.

ಪಾಠ ಮುಂದುವರಿಸೋಣವೆಂದು ಬಿಟ್ಟಿದ್ದ ದಾರ ಬೆಂಚಿನಿಂದ ಬೆಂಚಿಗೆ ಹಾಗೇ ಇತ್ತು. ಮೇಷ್ಟ್ರು ಉಂಡೆ ಸುತ್ತತೊಡಗಿದರು. ಆಸ್ಟ್ರಿಯ, ಜರ್ಮನಿ ಸಲೀಸಾಗಿ ಬಿಚ್ಚಿಕೊಂಡವು. ಕೆಂಪು ದಾರವೂ ಬಂತು, ಫ್ರಾನ್ಸಿನವರೆಗೆ. ಅಲ್ಲಿ ಹುಡುಗಿ ಬಿಗಿದ ಗಂಟು ಜಪ್ಪಯ್ಯ ಎಂದರೂ ಸಡಿಲಲಿಲ್ಲ. ಮೇಜಿನ ಖಾನೆಯಲ್ಲಿ ಕತ್ತರಿ ಇತ್ತು. ಅವರು ಅದನ್ನು ತೆಗೆದು ನೋಡಿ, ಅಲ್ಲೇ ಇಟ್ಟು, ಅವಳು ಕೂರುತ್ತಿದ್ದ ಜಾಗದಲ್ಲಿ ಕುಳಿತು ಬಗ್ಗಿ, ಉಗುರಿನಿಂದ ಗಂಟನ್ನು ಕೆದಕುತ್ತಾ ಹೋದರು. ಮೇಲಿನ ಮಹಡಿಯಲ್ಲಿ ಯಾರೋ ಕುರ್ಚಿ ಎಳೆದುಕೊಂಡ ಸದ್ದಾಯಿತು.